ಎಂಬತ್ತರ ಆಸುಪಾಸಿನಲ್ಲಿ ಗುದನಾಳದ ಕ್ಯಾನ್ಸರ್: ಆಪರೇಷನ್ ಬೇಡವೆಂದರೆ ಯಾವ ‘ಕರೆಂಟ್’?

ದೊಡ್ಡಮ್ಮನ ಗುದನಾಳದ ಕ್ಯಾನ್ಸರ್ ಚಿಕಿತ್ಸೆಗೆಂದು ತಿಪಟೂರು–ಬೆಂಗಳೂರು ನಡುವೆ ಎರಡು ವರ್ಷ ಓಡಾಡಿದ ಮೇಲೆ ನೆಂಟರಿಷ್ಟರ ಪಾಲಿಗೆ ನಾನೊಬ್ಬ ಅರೆವೈದ್ಯನಾಗಿಬಿಟ್ಟಿದ್ದೇನೆ. ಯಾರ ಮನೆಯಲ್ಲಿ ಈ ಕಾಯಿಲೆ ಎಂದು ಗೊತ್ತಾದರೂ ಮೊದಲ ಫೋನು ನನಗೆ. ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. “ಅಪ್ಪನಿಗೆ ಎಂಬತ್ತೊಂದು. ಒಬ್ಬ ಡಾಕ್ಟರು ಆಪರೇಷನ್ ಆಗಲೇಬೇಕು ಎನ್ನುತ್ತಾರೆ, ಇನ್ನೊಬ್ಬರು ಐದು ವಾರ ಕರೆಂಟ್ ಕೊಡೋಣ ಎನ್ನುತ್ತಾರೆ, ಮೂರನೆಯವರು ಐದೇ ದಿನ ಸಾಕು ಎನ್ನುತ್ತಾರೆ. ಯಾರ ಮಾತು ಕೇಳುವುದು?”

ಕರೆಂಟ್ ಎಂದರೆ ಆಡುಮಾತಿನಲ್ಲಿ ವಿಕಿರಣ ಚಿಕಿತ್ಸೆ. ನಾನು ಡಾಕ್ಟರಲ್ಲ. ಆದರೆ ಇಷ್ಟು ಗೊತ್ತು: ಆ ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಗುರಿ ಇರುತ್ತದೆ, ಮನೆಯವರು ಆ ಗುರಿ ಯಾವುದೆಂದು ಕೇಳಿರುವುದಿಲ್ಲ. ಆದ್ದರಿಂದ ಯಂತ್ರಗಳ ಹೆಸರಿಗೆ ಕೈಹಾಕುವ ಮೊದಲು ಅಳತೆಗೋಲುಗಳನ್ನು ಇಟ್ಟುಕೊಳ್ಳೋಣ.

ಅದಕ್ಕೂ ಮುಂಚೆ ಒಂದು ಮಾತು. ದೊಡ್ಡಮ್ಮನಿಗೆ ರಕ್ತ ಹೋಗುತ್ತಿದ್ದಾಗ ಎಂಟು ತಿಂಗಳು ಮೂಲವ್ಯಾಧಿ ಎಂದು ಮುಲಾಮು ಬರೆದುಕೊಟ್ಟರು. ನೋಡಿದ ಮೂವರಲ್ಲಿ ಒಬ್ಬರೂ ಕೈಗವಸು ಹಾಕಿಕೊಂಡು ಬೆರಳಿನಿಂದ ಪರೀಕ್ಷಿಸಲಿಲ್ಲ. ಕೊನೆಗೆ ಪರೀಕ್ಷಿಸಿದ ಡಾಕ್ಟರಿಗೆ ಗಡ್ಡೆ ಸಿಕ್ಕಿದ್ದು ಅರ್ಧ ನಿಮಿಷದಲ್ಲಿ. ಅರವತ್ತು ದಾಟಿದವರಿಗೆ ಮಲದಲ್ಲಿ ರಕ್ತ ಕಂಡರೆ, ಮುಲಾಮಿನ ಚೀಟಿ ತೆಗೆದುಕೊಂಡು ಏಳುವ ಮೊದಲು ಆ ಅರ್ಧ ನಿಮಿಷವನ್ನು ಕೇಳಿ ಪಡೆಯಿರಿ.

ಆಗುವುದಿಲ್ಲವೋ, ಬೇಡವೋ?

ಮೊದಲ ಅಳತೆಗೋಲು ಇದು, ಉಳಿದವೆಲ್ಲ ಇದರ ಹಿಂದೆ. ಆಪರೇಷನ್ ಬಿಟ್ಟು ವಿಕಿರಣದ ದಾರಿ ಹಿಡಿಯುವ ಹಿರಿಯರಲ್ಲಿ ಎರಡು ಬಗೆ. ಕೆಲವರಿಗೆ ಆಪರೇಷನ್ ಮಾಡಲು ಆಗುವುದಿಲ್ಲ: ಹೃದಯ ದುರ್ಬಲ, ಉಬ್ಬಸ, ಹಾಸಿಗೆ ಬಿಟ್ಟು ಏಳುವುದೇ ಕಷ್ಟ. ಇನ್ನು ಕೆಲವರು ಆಪರೇಷನ್ ತಡೆದುಕೊಳ್ಳಬಲ್ಲರು, ಆದರೆ ಬೇಡ ಎನ್ನುತ್ತಾರೆ. ನಮ್ಮ ದೊಡ್ಡಮ್ಮ ಎರಡನೆಯ ಬಗೆ. ಎಪ್ಪತ್ತೊಂಬತ್ತಾದರೂ ಬೆಳಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವವರು. ಗಡ್ಡೆ ಗುದದ್ವಾರದಿಂದ ನಾಲ್ಕೇ ಸೆಂಟಿಮೀಟರ್ ಮೇಲಿತ್ತು. ಆಪರೇಷನ್ ಮಾಡಿದರೆ ಗುದದ್ವಾರವನ್ನೇ ಮುಚ್ಚಿ ಹೊಟ್ಟೆಯ ಮೇಲೆ ಶಾಶ್ವತವಾಗಿ ಚೀಲ ಇಡಬೇಕಾಗಬಹುದು ಎಂದರು. ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಚೀಲ ಕಟ್ಟಿಕೊಂಡು ದೇವರ ಮುಂದೆ ಹೇಗಪ್ಪಾ ಕೂರುವುದು?”

ಈ ಎರಡು ಬಗೆಯವರಿಗೆ ಒಂದೇ ಯಂತ್ರ, ಒಂದೇ ಡೋಸ್ ಕೊಟ್ಟರೂ ಮುಂದಿನ ದಾರಿ ಬೇರೆ. ಬೇಡ ಎನ್ನುವವರಿಗೆ ವಿಕಿರಣ ಪೂರ್ತಿ ಫಲಿಸದಿದ್ದರೆ ಆಪರೇಷನ್ ಎಂಬ ಕೊನೆಯ ಬಾಗಿಲು ತೆರೆದೇ ಇರುತ್ತದೆ. ಅದಕ್ಕಾಗಿಯೇ ಅವರಿಗೆ ಕಟ್ಟುನಿಟ್ಟಿನ ತಪಾಸಣೆ ಬೇಕು. ಆಗುವುದಿಲ್ಲ ಎನ್ನುವವರಿಗೆ ಆ ಬಾಗಿಲು ಇಲ್ಲ. ಮೂರು ತಿಂಗಳಿಗೊಮ್ಮೆ ಎಂಬತ್ತೈದರ ಅಜ್ಜನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ, ಸ್ಕೋಪು (ಒಳಗೆ ನೋಡುವ ಕ್ಯಾಮೆರಾ ಕೊಳವೆ) ಹಾಕಿಸಿ, ಗಡ್ಡೆ ಮತ್ತೆ ಬಂದಿದೆ ಎಂದು ತಿಳಿದುಕೊಂಡು ಮಾಡುವುದೇನು? ಈ ಮಾತು ಕಠಿಣವಾಗಿ ಕೇಳಿಸಬಹುದು. ಆದರೆ ಇದನ್ನು ಮನೆಯೊಳಗೆ ಮೊದಲೇ ಆಡಿಕೊಂಡರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ.

ಎರಡನೆಯದು ಗಡ್ಡೆಯ ಗಾತ್ರ ಮತ್ತು ಜಾಗ. ಹೊಟ್ಟೆಯ ಕೆಳಭಾಗದ ಎಂಆರ್‌ಐ ಇಲ್ಲದೆ ಈ ಮಾತುಕತೆ ಶುರುವಾಗಬಾರದು. ರಿಪೋರ್ಟಿನಲ್ಲಿ ನೋಡಬೇಕಾದದ್ದು: ಗಡ್ಡೆ ಎಷ್ಟು ಸೆಂಟಿಮೀಟರ್, ಕರುಳಿನ ಗೋಡೆಯನ್ನು ಎಷ್ಟು ದಾಟಿದೆ (ಟಿ2, ಟಿ3 ಎಂದು ಬರೆದಿರುತ್ತದೆ), ಸುತ್ತಲಿನ ಗಂಟುಗಳಿಗೆ (ದುಗ್ಧಗ್ರಂಥಿಗಳಿಗೆ) ಹಬ್ಬಿದೆಯೇ, ಗುದದ್ವಾರದಿಂದ ಎಷ್ಟು ದೂರ. ಮೂರು ಸೆಂಟಿಮೀಟರಿಗಿಂತ ಚಿಕ್ಕದು, ಐದಕ್ಕಿಂತ ಚಿಕ್ಕದು, ಅದಕ್ಕೂ ದೊಡ್ಡದು ಎಂಬ ಮೂರು ಗೆರೆಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ. ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನಿನಲ್ಲಿ ಯಕೃತ್ತು, ಶ್ವಾಸಕೋಶ ಸ್ವಚ್ಛವಾಗಿವೆಯೇ ಎಂಬುದೂ ಗೊತ್ತಿರಬೇಕು.

ಮೂರನೆಯದು ದೇಹ. ಆಧಾರ್ ಕಾರ್ಡಿನ ವಯಸ್ಸು ಇಲ್ಲಿ ಅಷ್ಟು ಮುಖ್ಯವಲ್ಲ. ವಯಸ್ಸಾದ ಕ್ಯಾನ್ಸರ್ ರೋಗಿಗಳಿಗಾಗಿ ಜಿ8 ಎಂಬ ಎಂಟು ಪ್ರಶ್ನೆಗಳ ಪಟ್ಟಿ ಇದೆ: ಊಟ ಸೇರುತ್ತದೆಯೇ, ತೂಕ ಇಳಿದಿದೆಯೇ, ಓಡಾಟ ಹೇಗೆ, ದಿನಕ್ಕೆ ಎಷ್ಟು ಮಾತ್ರೆ, ಹೀಗೆ. ಒಟ್ಟು 17 ಅಂಕ. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಚಿಕಿತ್ಸೆ ನಿರ್ಧರಿಸುವ ಮೊದಲು ಇನ್ನಷ್ಟು ವಿವರವಾದ ತಪಾಸಣೆ ಬೇಕು. ಐದು ನಿಮಿಷದ ಕೆಲಸ. ಮಾಡಿದ್ದೀರಾ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ದಿನಗಳ ಲೆಕ್ಕ. ಚಿಕಿತ್ಸೆಗೆ ಎಷ್ಟು ದಿನ, ಆಮೇಲಿನ ಎರಡು ವರ್ಷದಲ್ಲಿ ತಪಾಸಣೆಗೆ ಎಷ್ಟು ದಿನ, ಜೊತೆಗೆ ಹೋಗುವವರು ಯಾರು, ಬೆಂಗಳೂರಿನಲ್ಲಿ ಉಳಿಯುವುದೆಲ್ಲಿ. ದುಡ್ಡಿನ ಮಾತು ಕೊನೆಯಲ್ಲಿ ಆಡುತ್ತೇನೆ. ನಾನು ಕಂಡ ಮನೆಗಳಲ್ಲಿ ದುಡ್ಡು ಹೇಗೋ ಹೊಂದಿದೆ, ಜೊತೆಗೆ ಹೋಗುವ ಆಳು ಹೊಂದಿಲ್ಲ.

ಆಪರೇಷನ್ ಏನು ಕೊಡುತ್ತದೆ

ಹೋಲಿಸಲು ಒಂದು ಆಧಾರ ಬೇಕಲ್ಲ. ಗುದನಾಳವನ್ನು ಸುತ್ತಲಿನ ಕೊಬ್ಬಿನ ಹೊದಿಕೆಯ ಸಮೇತ ಇಡಿಯಾಗಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಇಂಗ್ಲೆಂಡಿನ ಬಿಲ್ ಹೀಲ್ಡ್ 1980ರ ದಶಕದಲ್ಲಿ ಪ್ರಚಾರಕ್ಕೆ ತಂದರು. ಇಂದಿಗೂ ಗಡ್ಡೆಯನ್ನು ಬುಡಸಮೇತ ತೆಗೆಯುವ ಅತ್ಯಂತ ಖಚಿತ ದಾರಿ ಅದೇ. ಗಟ್ಟಿಮುಟ್ಟಾದ ಎಪ್ಪತ್ತರವರಿಗೆ, ಗಡ್ಡೆ ಮೇಲ್ಭಾಗದಲ್ಲಿದ್ದು ಚೀಲದ ಪ್ರಶ್ನೆ ಇಲ್ಲದಿದ್ದರೆ, ನಾನಂತೂ ಆಪರೇಷನ್ ಬೇಡ ಎನ್ನುವುದಿಲ್ಲ. ಆದರೆ ಎಪ್ಪತ್ತೈದು ದಾಟಿದವರಲ್ಲಿ ಆಪರೇಷನ್ನಿನ ಅಪಾಯ ಮೊದಲ ತಿಂಗಳಿಗೇ ಮುಗಿಯುವುದಿಲ್ಲ. ನ್ಯುಮೋನಿಯಾ, ಹೊಲಿಗೆ ಬಿಡುವುದು, ಹೃದಯದ ತೊಂದರೆ, ಮಂಕು ಕವಿಯುವುದು ಇವೆಲ್ಲ ಸೇರಿ ಆರು ತಿಂಗಳವರೆಗೂ ಕಾಡುತ್ತವೆ. ಬದುಕುಳಿದವರಲ್ಲೂ ಕೆಲವರು ಮೊದಲಿನಂತೆ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಸ್ಥಿತಿಗೆ ಮರಳುವುದಿಲ್ಲ. ಚೀಲ ಬೇಡವೆಂದು ಕರುಳನ್ನು ಕೆಳಗೆ ಜೋಡಿಸಿದರೂ ದಿನಕ್ಕೆ ಹತ್ತಾರು ಬಾರಿ ಅವಸರವಾಗುವ ತೊಂದರೆ ಉಳಿಯಬಹುದು.

ಐದು ವಾರದ ಕರೆಂಟ್, ಜೊತೆಗೆ ಮಾತ್ರೆ

ವಾರಕ್ಕೆ ಐದು ದಿನ, ಶನಿವಾರ ಭಾನುವಾರ ರಜೆ, ಒಟ್ಟು 25ರಿಂದ 28 ದಿನ. ಡೋಸ್ 45ರಿಂದ 50.4 ಗ್ರೇ (ವಿಕಿರಣವನ್ನು ಅಳೆಯುವ ಮಾನ). ಜೊತೆಗೆ ಬೆಳಗ್ಗೆ ಸಂಜೆ ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆ. ಹೊರಗಿನಿಂದ ವಿಕಿರಣ ಹಾಯಿಸುವ ಲೀನಿಯರ್ ಆಕ್ಸಿಲರೇಟರ್ ಯಂತ್ರ ಇರುವ ಯಾವ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಇದು ಸಿಗುತ್ತದೆ. ಬೆಂಗಳೂರಿನ ಕಿದ್ವಾಯಿಯಿಂದ ಹಿಡಿದು ಹುಬ್ಬಳ್ಳಿ, ಮಂಗಳೂರು, ಮಣಿಪಾಲ, ಮೈಸೂರಿನವರೆಗೆ.

ದಿನನಿತ್ಯ ಹೇಗಿರುತ್ತದೆ ಎಂದರೆ, ಮೊದಲ ದಿನ ಸ್ಕ್ಯಾನ್ ಮಾಡಿ ಸೊಂಟದ ಮೇಲೆ ಗುರುತು ಹಾಕುತ್ತಾರೆ. ದೊಡ್ಡಮ್ಮನಿಗೆ ಹಾಕಿದ್ದು ನೇರಳೆ ಬಣ್ಣದ ಗೀಟುಗಳು, ಸ್ನಾನದಲ್ಲಿ ಉಜ್ಜಬಾರದು ಎಂದಿದ್ದರು. ಪ್ರತಿದಿನ ಮೂತ್ರಕೋಶ ತುಂಬಿರಬೇಕು. ಅದು ತುಂಬಿದ್ದರೆ ಸಣ್ಣಕರುಳು ಮೇಲಕ್ಕೆ ಸರಿದು ವಿಕಿರಣದ ದಾರಿಯಿಂದ ಪಾರಾಗುತ್ತದೆ. ಹೀಗಾಗಿ ಮುಕ್ಕಾಲು ಗಂಟೆ ಮುಂಚೆ ಅರ್ಧ ಲೀಟರ್ ನೀರು. ಯಂತ್ರ ಕೆಟ್ಟು ಸರದಿ ತಡವಾದ ದಿನ, ಮಂಡಿನೋವಿನ ಎಂಬತ್ತರ ಹೆಂಗಸು ಮೂತ್ರ ತಡೆದುಕೊಂಡು ಬೆಂಚಿನ ಮೇಲೆ ಕೂರುವ ಪಾಡು ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಯಂತ್ರದ ಕೆಳಗೆ ಮಲಗುವುದು ಹತ್ತು ಹದಿನೈದು ನಿಮಿಷ, ನೋವಿಲ್ಲ.

ಮೂರನೆಯ ವಾರದಿಂದ ನಿಜವಾದ ಪರೀಕ್ಷೆ. ಭೇದಿ, ಗುದದ ಸುತ್ತ ಉರಿ, ಸುಸ್ತು. ನಮ್ಮ ಮನೆಯಲ್ಲಿ ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ಉಗುರುಬೆಚ್ಚಗಿನ ನೀರು ಹಾಕಿ ದಿನಕ್ಕೆ ಮೂರು ಬಾರಿ ಕೂರಿಸುತ್ತಿದ್ದೆವು. ಸೊಪ್ಪು, ಕಾಳು, ಮಸಾಲೆ ಬಂದ್. ಅನ್ನ, ನೀರುಮಜ್ಜಿಗೆ, ಗಂಜಿ. ವಯಸ್ಸಾದವರಲ್ಲಿ ಭಯಪಡಬೇಕಾದದ್ದು ಭೇದಿಗಿಂತ ಅದರಿಂದ ಮೈಯಲ್ಲಿ ನೀರು ಕಡಿಮೆಯಾಗಿ ಮೂತ್ರಪಿಂಡಕ್ಕೆ ಬೀಳುವ ಪೆಟ್ಟಿಗೆ. ಕ್ಯಾಪೆಸಿಟಬಿನ್ ಮಾತ್ರೆಯ ಪ್ರಮಾಣವನ್ನು ಮೂತ್ರಪಿಂಡದ ಶಕ್ತಿಗೆ ತಕ್ಕಂತೆ ಇಳಿಸಬೇಕು, ತೀರಾ ಕಡಿಮೆ ಇದ್ದರೆ ಕೊಡಲೇಬಾರದು. ರಕ್ತ ತೆಳುವಾಗಲು ವಾರ್ಫರಿನ್ ನುಂಗುವವರಾಗಿದ್ದರೆ ತಪ್ಪದೆ ಹೇಳಿ, ಎರಡೂ ಸೇರಿದರೆ ರಕ್ತಸ್ರಾವದ ಅಪಾಯ. ಮಾತ್ರೆ ಬಿಟ್ಟು ಬರೀ ವಿಕಿರಣ ಕೊಡುವುದೂ ಉಂಟು. ಫಲ ಸ್ವಲ್ಪ ಕಡಿಮೆ, ತೊಂದರೆಯೂ ಕಡಿಮೆ.

ಇಷ್ಟೆಲ್ಲ ಆದ ಮೇಲೆ ಗಡ್ಡೆ ಪೂರ್ತಿ ಕರಗಿದರೆ ಆಪರೇಷನ್ ಮಾಡದೆ ಕಾದು ನೋಡಬಹುದು ಎಂಬ ವಿಚಾರವನ್ನು ಗಟ್ಟಿಯಾಗಿ ಮುಂದಿಟ್ಟವರು ಬ್ರೆಜಿಲಿನ ಸಾವೊ ಪಾಲೊದ ಶಸ್ತ್ರವೈದ್ಯೆ ಆಂಜೆಲಿಟಾ ಹಬರ್-ಗಾಮಾ. 2004ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 265 ರೋಗಿಗಳ ಪೈಕಿ 71 ಮಂದಿಗೆ ಗಡ್ಡೆ ಕಾಣದಂತಾಗಿತ್ತು, ಅವರನ್ನು ಆಪರೇಷನ್ ಮಾಡದೆ ಬಿಟ್ಟಿದ್ದರು. ಆಗ ಬಹಳ ಜನ ನಂಬಲಿಲ್ಲ. ಆಮೇಲೆ ಅಮೆರಿಕದ ಓಪ್ರಾ ಪ್ರಯೋಗದಲ್ಲಿ 324 ಮಂದಿಗೆ ವಿಕಿರಣದ ಜೊತೆ ಕೆಲವು ತಿಂಗಳ ಕೀಮೋ ಕೊಟ್ಟು ನೋಡಿದರು. ವಿಕಿರಣ ಮೊದಲು, ಕೀಮೋ ಆಮೇಲೆ ಎಂಬ ಕ್ರಮದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಮೂರು ವರ್ಷದ ನಂತರವೂ ತಮ್ಮ ಗುದನಾಳವನ್ನು ಉಳಿಸಿಕೊಂಡಿದ್ದರು. ಆದರೆ ಅಲ್ಲಿದ್ದವರು ಹೆಚ್ಚಾಗಿ ಅರವತ್ತರ ಆಸುಪಾಸಿನವರು. ನಾಲ್ಕು ತಿಂಗಳ ಆ ಕೀಮೋವನ್ನು ಎಂಬತ್ತರವರ ಮೇಲೆ ಹಾಗೆಯೇ ಹೇರಲು ಬರುವುದಿಲ್ಲ. “ಅರ್ಧಕ್ಕರ್ಧ ಜನಕ್ಕೆ ವಾಸಿಯಾಗುತ್ತದೆ” ಎಂದು ಯಾರಾದರೂ ಹೇಳಿದರೆ, “ಕೀಮೋ ಸೇರಿಸಿಯೋ, ಬಿಟ್ಟೋ?” ಎಂದು ಕೇಳಿ.

ಐದು ದಿನದ ಕರೆಂಟ್

ದಿನಕ್ಕೆ 5 ಗ್ರೇ, ಐದು ದಿನ, ಒಟ್ಟು 25. ಸೋಮವಾರ ಶುರು, ಶುಕ್ರವಾರ ಮುಗಿತು. ದೂರದ ಊರಿನವರಿಗೆ, ಮೈಯಲ್ಲಿ ತ್ರಾಣ ಇಲ್ಲದವರಿಗೆ, ಜೊತೆಗೆ ಬರುವ ಮಗನಿಗೆ ವಾರಕ್ಕಿಂತ ಹೆಚ್ಚು ರಜೆ ಸಿಗದಿದ್ದವರಿಗೆ ಇದು ದೊಡ್ಡ ಅನುಕೂಲ. ಕೀಮೋ ಮಾತ್ರೆಯ ತಲೆನೋವೂ ಇಲ್ಲ.

ಇದರಲ್ಲೊಂದು ಮೋಸ ಅಡಗಿದೆ. ಆ ಐದು ದಿನ ಬಹುತೇಕರಿಗೆ ಏನೂ ಆಗುವುದಿಲ್ಲ. ಉರಿ, ಭೇದಿ ಶುರುವಾಗುವುದು ಮುಂದಿನ ಒಂದೆರಡು ವಾರದಲ್ಲಿ, ಅಂದರೆ ಊರಿಗೆ ಹೋದ ಮೇಲೆ. ಊರಿನ ಡಾಕ್ಟರು ಆಸ್ಪತ್ರೆಯ ಕಾಗದ ನೋಡದೆ ಅದನ್ನು ಹೊಟ್ಟೆಯ ಸೋಂಕು ಎಂದುಕೊಳ್ಳುತ್ತಾರೆ. ಡಿಸ್‌ಚಾರ್ಜ್ ಸಾರಾಂಶದ ಒಂದು ಪ್ರತಿ ಮನೆಯಲ್ಲಿ ಕೈಗೆ ಸಿಗುವ ಕಡೆ ಇರಲಿ.

ಗಡ್ಡೆ ಕರಗಿಸುವ ಶಕ್ತಿ ಹೇಗೆ? ಐದು ದಿನದ ವಿಕಿರಣದ ನಂತರ ಕೀಮೋ ಸೇರಿಸಿದ ಯುರೋಪಿನ ರ‍್ಯಾಪಿಡೋ ಪ್ರಯೋಗದಲ್ಲಿ, ಆಪರೇಷನ್ ಮಾಡಿ ತೆಗೆದ ಕರುಳಿನಲ್ಲಿ ಒಂದು ಕ್ಯಾನ್ಸರ್ ಕಣವೂ ಉಳಿಯದಿದ್ದವರು ಶೇ. 28. ಐದು ವಾರದ ಹಳೆಯ ಕ್ರಮದಲ್ಲಿ ಶೇ. 14. ಆದರೆ ಐದು ವರ್ಷದ ಲೆಕ್ಕದಲ್ಲಿ ಅದೇ ಜಾಗದಲ್ಲಿ ಮರುಕಳಿಸಿದ್ದು ಐದು ದಿನದವರಲ್ಲೇ ಸ್ವಲ್ಪ ಹೆಚ್ಚು, ಶೇ. 10. ಐದು ವಾರದವರಲ್ಲಿ ಶೇ. 6. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಕೀಮೋ ತಡೆಯಲಾರದ ಹಿರಿಯರಿಗೆ ಬರೀ ಐದು ದಿನ ಕೊಟ್ಟು ಬಿಟ್ಟರೆ ಗಡ್ಡೆ ಕುಗ್ಗುತ್ತದೆ, ರಕ್ತ ನಿಲ್ಲುತ್ತದೆ, ಆದರೆ ಪೂರ್ತಿ ಮಾಯವಾಗುವ ನಿರೀಕ್ಷೆಯನ್ನು ತಗ್ಗಿಸಿಕೊಳ್ಳಬೇಕು. ಗಡ್ಡೆ ಚಿಕ್ಕದಿದ್ದರೆ ಎರಡು ತಿಂಗಳ ನಂತರ ಗುದದ್ವಾರದ ಮೂಲಕವೇ ಉಪಕರಣ ಹಾಕಿ ಉಳಿದ ಭಾಗವನ್ನಷ್ಟೇ ಕತ್ತರಿಸಿ ತೆಗೆಯುವ ದಾರಿಯೂ ಇದೆ. ಹೊಟ್ಟೆ ಕೊಯ್ಯುವುದಿಲ್ಲ. ಇದು ನಮ್ಮಲ್ಲಿ ಕಡಿಮೆ ಚರ್ಚೆಯಾಗುವ, ಕೇಳಲೇಬೇಕಾದ ಆಯ್ಕೆ.

ಒಳಗಿನಿಂದ ಕೊಡುವ ವಿಕಿರಣ

ಹೊರಗಿನ ವಿಕಿರಣಕ್ಕೆ ಒಂದು ಮಿತಿ ಇದೆ, ಅದನ್ನು ದಾಟಿ ಡೋಸ್ ಏರಿಸಿದರೆ ಸುತ್ತಲಿನ ಅಂಗಗಳು ಸುಡುತ್ತವೆ. ಗಡ್ಡೆಗೆ ಮಾತ್ರ ಹೆಚ್ಚುವರಿ ಏಟು ಕೊಡಬೇಕೆಂದರೆ ಗುದದ್ವಾರದ ಮೂಲಕ ಒಳಗೇ ಹೋಗಬೇಕು. ಇದರಲ್ಲಿ ಎರಡು ಬಗೆ.

ಮೊದಲನೆಯದು ಫ್ರಾನ್ಸಿನದು. ಲಿಯಾನ್ ನಗರದ ಜಾನ್ ಪ್ಯಾಪಿಯೋನ್ ಎಂಬ ವೈದ್ಯರ ಹೆಸರೇ ಇದಕ್ಕೆ ಅಂಟಿಕೊಂಡಿದೆ. ಬೆರಳಿಗಿಂತ ದಪ್ಪನೆಯ ಕೊಳವೆಯನ್ನು ಗಡ್ಡೆಯ ಮೇಲೆ ನೇರವಾಗಿ ಇಟ್ಟು 50 ಕಿಲೋವೋಲ್ಟಿನ ಮೃದು ಎಕ್ಸ್-ರೇ ಹಾಯಿಸುತ್ತಾರೆ. ಇದರ ಶಕ್ತಿ ಕೆಲವೇ ಮಿಲಿಮೀಟರ್ ಆಳದಲ್ಲಿ ಕರಗಿಹೋಗುವುದರಿಂದ ಹಿಂದಿನ ಅಂಗಗಳಿಗೆ ಪೆಟ್ಟಿಲ್ಲ. ಒಮ್ಮೆಗೆ 30 ಗ್ರೇ, ಎರಡು ವಾರಕ್ಕೊಮ್ಮೆ, ಮೂರು ಬಾರಿ. ಪ್ರಜ್ಞೆ ತಪ್ಪಿಸಬೇಕಾಗಿಲ್ಲ. ಸಾಮಾನ್ಯವಾಗಿ ಮಂಡಿಯೂರಿ ಎದೆ ತಗ್ಗಿಸಿದ ಭಂಗಿಯಲ್ಲಿ ಇರಬೇಕು, ಇದು ಮಂಡಿ ಸವೆದವರಿಗೆ ಕಷ್ಟ.

ನೀಸ್ ನಗರದ ಜಾನ್-ಪಿಯೆರ್ ಜೆರಾರ್ ನೇತೃತ್ವದ ಒಪೇರಾ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಐದು ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಯವರಲ್ಲಿ ಐದು ವಾರದ ವಿಕಿರಣ, ಕೀಮೋ ಮಾತ್ರೆಯ ಜೊತೆ ಇದನ್ನು ಸೇರಿಸಿದಾಗ ಮೂರು ವರ್ಷದ ನಂತರ ಗುದನಾಳ ಉಳಿದವರು ಶೇ. 81. ಹೊರಗಿನಿಂದಲೇ ಹೆಚ್ಚುವರಿ ಡೋಸ್ ಕೊಟ್ಟವರಲ್ಲಿ ಶೇ. 59. ಮೂರು ಸೆಂಟಿಮೀಟರಿಗಿಂತ ಚಿಕ್ಕದಿದ್ದು, ಒಳವಿಕಿರಣವನ್ನೇ ಮೊದಲು ಕೊಟ್ಟವರಲ್ಲಿ ಶೇ. 97. ಈ ಅಂಕಿಯನ್ನು ನೋಡಿ ನಾನು ಎರಡು ಬಾರಿ ಓದಿದೆ. ಬೆಲೆಯೂ ಇದೆ: ಆಮೇಲಿನ ತಿಂಗಳುಗಳಲ್ಲಿ ಸಣ್ಣಪುಟ್ಟ ರಕ್ತಸ್ರಾವ ಶೇ. 63 ಜನರಲ್ಲಿ ಕಂಡಿತು, ಇನ್ನೊಂದು ಗುಂಪಿನಲ್ಲಿ ಶೇ. 12. ಹೆಚ್ಚಿನವರಿಗೆ ತಾನಾಗಿ ನಿಲ್ಲುತ್ತದೆ, ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಎರಡೆರಡು ಮಾತ್ರೆ ನುಂಗುವ ಅಜ್ಜನಿಗೆ ಅದು ಸಣ್ಣ ಮಾತಲ್ಲ. ಈ ಯಂತ್ರ ನಮ್ಮ ಸುತ್ತಮುತ್ತಲ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಲಂಡನ್ನಿನಲ್ಲೋ ಲಿವರ್‌ಪೂಲಿನಲ್ಲೋ ಮಕ್ಕಳಿದ್ದು ಅಪ್ಪ ಅಮ್ಮ ಅವರ ಜೊತೆಗೇ ನೆಲೆಸಿರುವ ಕನ್ನಡದ ಮನೆಗಳಿಗೆ ಇದು ಕೈಗೆಟುಕುವ ಮಾತು. ಲಿವರ್‌ಪೂಲ್ ಬಳಿಯ ಕ್ಲಾಟರ್‌ಬ್ರಿಜ್ ಕ್ಯಾನ್ಸರ್ ಕೇಂದ್ರ ಇದರಲ್ಲಿ ದೀರ್ಘಕಾಲ ಕೆಲಸ ಮಾಡಿದೆ.

ಎರಡನೆಯದು ಬ್ರಾಕಿಥೆರಪಿ. ವಿಕಿರಣ ಸೂಸುವ ಇರಿಡಿಯಂ ಕಣವೊಂದು ತಂತಿಯ ತುದಿಯಲ್ಲಿ ಒಳಗೆ ಹೋಗಿ, ಕೆಲವು ನಿಮಿಷ ನಿಂತು, ವಾಪಸು ಬರುತ್ತದೆ. ಗರ್ಭಕೊರಳಿನ ಕ್ಯಾನ್ಸರಿಗೆ ಬಳಸುವ ಯಂತ್ರವೇ ಇದಕ್ಕೂ ಆಗುವುದರಿಂದ ನಮ್ಮ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಯಂತ್ರಕ್ಕೆ ಕೊರತೆ ಇಲ್ಲ. ಇರಬೇಕಾದದ್ದು ಗುದನಾಳಕ್ಕೆ ಹೊಂದುವ ಉಪಕರಣ, ಅದಕ್ಕಿಂತ ಹೆಚ್ಚಾಗಿ ಪಳಗಿದ ಕೈ. “ನಿಮ್ಮಲ್ಲಿ ಬ್ರಾಕಿ ಇದೆಯೇ?” ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. “ಗುದನಾಳಕ್ಕೆ ಎಷ್ಟು ಜನಕ್ಕೆ ಮಾಡಿದ್ದೀರಿ?” ಎಂದು ಕೇಳಬೇಕು.

ಇದನ್ನು ತೀರಾ ವಯಸ್ಸಾದವರಲ್ಲೇ ನೋಡಿದ ಪ್ರಯೋಗವೊಂದು ನೆದರ್‌ಲ್ಯಾಂಡ್ಸಿನಲ್ಲಿ ನಡೆದಿದೆ, ಹೆಸರು ಹರ್ಬರ್ಟ್. ಆಪರೇಷನ್ ಮಾಡಲಾಗದ ರೋಗಿಗಳು, ಅರ್ಧದಷ್ಟು ಜನ 83 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸಿನವರು. ಹೊರಗಿನಿಂದ 3 ಗ್ರೇಯಂತೆ 13 ದಿನ, ಆಮೇಲೆ ವಾರಕ್ಕೊಮ್ಮೆಯಂತೆ ಮೂರು ಬಾರಿ ಒಳಗಿನಿಂದ. ಕೀಮೋ ಇಲ್ಲ. ಹತ್ತರಲ್ಲಿ ಆರು ಜನರಿಗೆ ಗಡ್ಡೆ ಕಾಣದಂತಾಯಿತು. ಕೀಮೋ ಇಲ್ಲದೆ ಇಷ್ಟು ಫಲ ದೊಡ್ಡದು. ಆದರೆ ಆಮೇಲೆ ತಪಾಸಣೆಗೆ ಸಿಕ್ಕವರಲ್ಲಿ ಹತ್ತಕ್ಕೆ ನಾಲ್ವರಿಗೆ ಗುದನಾಳದ ತೀವ್ರ ಉರಿಯೂತ, ರಕ್ತಸ್ರಾವ ಕಾಡಿತು. ಈ ಎರಡು ಅಂಕಿಗಳನ್ನೂ ಒಟ್ಟಿಗೆ ಹೇಳದ ಡಾಕ್ಟರ ಬಳಿ ನಾನಾದರೆ ಇನ್ನೊಮ್ಮೆ ಕೇಳುತ್ತೇನೆ.

ತೊಂದರೆ ತಗ್ಗಿಸುವುದಷ್ಟೇ ಗುರಿಯಾದರೆ

ಕಾಯಿಲೆ ಯಕೃತ್ತಿಗೆ ಹಬ್ಬಿದ್ದರೆ, ಅಥವಾ ಹಿರಿಯರು ಹಾಸಿಗೆ ಹಿಡಿದಿದ್ದರೆ, ಗುಣಪಡಿಸುವ ಹಟ ಬಿಟ್ಟು ರಕ್ತ ನಿಲ್ಲಿಸುವುದು, ನೋವು ಇಳಿಸುವುದು ಗುರಿಯಾಗಲಿ. ಅದಕ್ಕೆ ಐದು ದಿನ ಸಾಕು, ತೀರಾ ಕೃಶರಾದವರಿಗೆ ಒಂದೇ ದಿನದ 8 ಗ್ರೇ ಕೊಡುವುದೂ ಉಂಟು. ಮಲದ ದಾರಿ ಮುಚ್ಚಿಹೋಗಿ ಹೊಟ್ಟೆ ಉಬ್ಬಿದ್ದರೆ ಮಾತ್ರ ವಿಕಿರಣವನ್ನು ನಂಬಿ ಕೂರಬೇಡಿ, ಅದು ಅಷ್ಟು ಬೇಗ ದಾರಿ ಬಿಡಿಸುವುದಿಲ್ಲ. ಆಗ ಹೊಟ್ಟೆಯ ಮೇಲೆ ದಾರಿ ಮಾಡುವ ಸಣ್ಣ ಆಪರೇಷನ್ನೇ ಗತಿ. ಕೆಳಭಾಗದ ಗಡ್ಡೆಗೆ ದಾರಿ ತೆರೆದಿಡುವ ಸ್ಟೆಂಟ್ ಕೊಳವೆ ಹಾಕಿದರೆ ಸದಾ ನೋವು.

ಕಾದು ನೋಡುವ ಎರಡು ವರ್ಷ

ದೊಡ್ಡಮ್ಮ ಐದು ವಾರದ್ದನ್ನೇ ಆರಿಸಿಕೊಂಡರು. ಗಡ್ಡೆ ನಾಲ್ಕು ಸೆಂಟಿಮೀಟರ್, ಟಿ3, ಮೂತ್ರಪಿಂಡ ಸರಿಯಾಗಿತ್ತು, ಬೆಂಗಳೂರಿನಲ್ಲಿ ನಮ್ಮ ಮನೆ ಇತ್ತು. ಹತ್ತನೆಯ ವಾರದಲ್ಲಿ ಸ್ಕೋಪು ಹಾಕಿದಾಗ ಸಣ್ಣ ಹುಣ್ಣು ಉಳಿದಿತ್ತು. ಅಣ್ಣ ಅಲ್ಲೇ ಕೂಗಾಡಿದ, ಸುಮ್ಮನೆ ಸಮಯ ಹಾಳು ಮಾಡಿದಿರಿ ಎಂದು. ಡಾಕ್ಟರು ಮಾತಾಡದೆ ಚೀಟಿಯ ಹಿಂಬದಿಯಲ್ಲಿ ಇಳಿಜಾರಿನ ಗೆರೆಯೊಂದನ್ನು ಎಳೆದು ತೋರಿಸಿದರು: ವಿಕಿರಣ ನಿಂತ ಮೇಲೂ ಗಡ್ಡೆ ತಿಂಗಳುಗಟ್ಟಲೆ ಕರಗುತ್ತಿರುತ್ತದೆ. ಐದನೆಯ ತಿಂಗಳಲ್ಲಿ ಪರದೆಯ ಮೇಲೆ ಕಂಡದ್ದು ಬಿಳಿಯ ಕಲೆ, ಅದರ ಅಂಚಿನಲ್ಲಿ ಜೇಡರಬಲೆಯಂಥ ಕೆಂಪು ರಕ್ತನಾಳಗಳು. ಅದೇ ಒಳ್ಳೆಯ ಲಕ್ಷಣವಂತೆ.

ಆಮೇಲೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಬೆರಳಿನ ಪರೀಕ್ಷೆ, ಸ್ಕೋಪು, ಕ್ಯಾನ್ಸರಿನ ಸುಳಿವು ಕೊಡುವ ಸಿಇಎ ರಕ್ತಪರೀಕ್ಷೆ, ನಡುನಡುವೆ ಎಂಆರ್‌ಐ. ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ. ಇದೇಕೆ ಇಷ್ಟು ಬಿಗಿ ಎಂಬುದಕ್ಕೆ 2018ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಪ್ರಕಟಿಸಿದ 880 ರೋಗಿಗಳ ಲೆಕ್ಕವಿದೆ. ಪೂರ್ತಿ ಕರಗಿತೆಂದು ಬಿಟ್ಟವರಲ್ಲೂ ಎರಡು ವರ್ಷದೊಳಗೆ ನಾಲ್ವರಲ್ಲಿ ಒಬ್ಬರಿಗೆ ಗಡ್ಡೆ ಮರಳಿತು. ಮರಳಿದ್ದರಲ್ಲಿ ಶೇ. 88 ಆ ಎರಡು ವರ್ಷದಲ್ಲೇ, ಶೇ. 97 ಕರುಳಿನ ಗೋಡೆಯಲ್ಲೇ, ಅಂದರೆ ಬೆರಳಿಗೂ ಸ್ಕೋಪಿಗೂ ಸಿಗುವ ಜಾಗದಲ್ಲಿ. ಬೇಗ ಸಿಕ್ಕರೆ ಆಪರೇಷನ್ ಮಾಡಿ ತೆಗೆಯಬಹುದು, ತಪ್ಪಿಸಿಕೊಂಡರೆ ಆ ಅವಕಾಶವೂ ಹೋಗುತ್ತದೆ.

ಹಾಗಾಗಿ ಆಪರೇಷನ್ ತಡೆಯಬಲ್ಲ ಹಿರಿಯರ ಮನೆಯವರು ಈ ಎರಡು ವರ್ಷದ ಎಂಟು ಭೇಟಿಗಳಿಗೆ ಆಳು ಗೊತ್ತುಮಾಡಲು ಆಗುವುದಿಲ್ಲ ಎಂದರೆ, ನನ್ನ ಅಭಿಪ್ರಾಯದಲ್ಲಿ ಆಪರೇಷನ್ ಮಾಡಿಸುವುದೇ ಮೇಲು. ಭೇಟಿಗಳು ಸಾಧ್ಯ, ಗಡ್ಡೆ ಐದು ಸೆಂಟಿಮೀಟರಿನೊಳಗೆ ಇದೆ ಎಂದರೆ ಐದು ವಾರದ ಕ್ರಮ, ಪಳಗಿದ ಕೈ ಸಿಕ್ಕರೆ ಒಳವಿಕಿರಣವನ್ನೂ ಸೇರಿಸಿ. ಗಡ್ಡೆ ದೊಡ್ಡದು, ಗಂಟುಗಳಿಗೂ ಹಬ್ಬಿದೆ ಎಂದರೆ ವಿಕಿರಣವೊಂದೇ ಗೆಲ್ಲುವ ಸಾಧ್ಯತೆ ಕಡಿಮೆ, ಆಪರೇಷನ್ ಮಾತು ಮತ್ತೆ ಎದುರಾಗುತ್ತದೆ ಎಂದು ಮನಸ್ಸು ಗಟ್ಟಿಮಾಡಿಕೊಂಡೇ ಶುರುಮಾಡಿ. ಆಪರೇಷನ್ ಸಾಧ್ಯವೇ ಇಲ್ಲದವರಿಗೆ ಐದು ದಿನ. ಅವರಲ್ಲೂ ಓಡಾಡುವ ಶಕ್ತಿ ಇದ್ದು ಗಡ್ಡೆ ಚಿಕ್ಕದಿದ್ದರೆ ಮಾತ್ರ ಬ್ರಾಕಿಯ ಬಗ್ಗೆ ಯೋಚಿಸಿ.

ಯಾವುದೇ ಕರೆಂಟ್ ಶುರುವಾಗುವ ಮೊದಲು ಬಯಾಪ್ಸಿ ತುಣುಕಿನ ಮೇಲೆ ಎಂಎಂಆರ್ ಪರೀಕ್ಷೆ ಮಾಡಿಸಿ, ಕೆಲವೇ ಸಾವಿರ ರೂಪಾಯಿಯದು. ನೂರರಲ್ಲಿ ಐದರಿಂದ ಹತ್ತು ಜನರ ಗಡ್ಡೆಯಲ್ಲಿ ಡಿಎನ್‌ಎ ತಪ್ಪುಗಳನ್ನು ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ (ಈ ಪರೀಕ್ಷೆ ಹುಡುಕುವುದು ಅದನ್ನೇ), ಅವರಿಗೆ ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಛೂಬಿಡುವ ಔಷಧಿ, ಅದ್ಭುತವಾಗಿ ಕೆಲಸ ಮಾಡುತ್ತದೆ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು 2022ರಲ್ಲಿ ಡೋಸ್ಟಾರ್ಲಿಮ್ಯಾಬ್ ಔಷಧಿಯನ್ನು ಮೂರು ವಾರಕ್ಕೊಮ್ಮೆ ಆರು ತಿಂಗಳು ಕೊಟ್ಟು 12 ಜನರಲ್ಲಿ 12 ಜನರಿಗೂ ಗಡ್ಡೆ ಕರಗಿದ್ದನ್ನು ವರದಿ ಮಾಡಿದರು. 2025ರ ಹೊತ್ತಿಗೆ ಆ ಲೆಕ್ಕ 49ಕ್ಕೆ 49. ವಿಕಿರಣವೂ ಇಲ್ಲ, ಆಪರೇಷನ್ನೂ ಇಲ್ಲ. ಈ ವರ್ಗದ ಔಷಧಿಗಳ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೂ ಆ ನೂರರಲ್ಲಿ ಐದರಿಂದ ಹತ್ತು ಜನರೊಳಗೆ ನಿಮ್ಮವರು ಇದ್ದಾರೆಯೇ ಎಂಬುದು ಗೊತ್ತಿರಲಿ.

ಇನ್ನು ದುಡ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಎಪಿಎಲ್ ಮನೆಗೆ ಪ್ಯಾಕೇಜ್ ದರದ ಶೇ. 30ರಷ್ಟು. ಮುಂಗಡ ಅನುಮೋದನೆ ಬರುವ ಮೊದಲೇ ಚಿಕಿತ್ಸೆ ಶುರುಮಾಡಿದರೆ ಆಮೇಲೆ ಹಣ ಸಿಗುವುದು ಕಷ್ಟ, ಆದ್ದರಿಂದ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಮೊದಲ ದಿನವೇ ನೋಡಿ. ಖಾಸಗಿಯಲ್ಲಾದರೆ ಐದು ದಿನದ್ದು ಐದು ವಾರದ್ದಕ್ಕಿಂತ ಐದು ಪಟ್ಟು ಅಗ್ಗ ಎಂದುಕೊಳ್ಳಬೇಡಿ. ಬಹಳ ಕಡೆ ದಿನದ ಲೆಕ್ಕವಿಲ್ಲ, ಪ್ಯಾಕೇಜ್ ಲೆಕ್ಕ. ಕಿದ್ವಾಯಿ ಆವರಣದ ಧರ್ಮಶಾಲೆಯಲ್ಲಿ ಜಾಗವಿದೆಯೇ ವಿಚಾರಿಸಿ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೂ ಜೊತೆಗಾರರೊಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಅದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಅದನ್ನು ಎಂಟನೆಯ ಭೇಟಿಯಲ್ಲಿ ತಿಳಿದುಕೊಂಡವರು ನಾವು, ನೀವು ಮೊದಲನೆಯದರಲ್ಲೇ ಕೇಳಿ.